ಮೀಟರಕ್ಕನ ಮೂರು ದಿನ

ಇಪ್ಪತ್ತೆರಡು ವರ್ಷ ಮನೆಮನೆಯ ಕರೆಂಟ್ ಮೀಟರ್ ಓದಿದ ಹೆಂಗಸಿಗೆ ಊರಿನವರು ‘ಮೀಟರಕ್ಕ’ ಎಂದು ಹೆಸರಿಟ್ಟಿದ್ದರು. ಅವಳ ನಿಜವಾದ ಹೆಸರು ಕಚೇರಿಯ ಹಾಜರಿ ಪುಸ್ತಕದಲ್ಲಿ ಮತ್ತು ಗಂಡನ ಬಾಯಲ್ಲಿ ಮಾತ್ರ ಉಳಿದಿತ್ತು. ಗಂಡನೂ ಸಿಟ್ಟು ಬಂದಾಗ ಮಾತ್ರ ಅದನ್ನು ಬಳಸುತ್ತಿದ್ದ. ಯಾರ ಹಿತ್ತಲ ಗೇಟಿನ ಚಿಲಕ ಸಿಕ್ಕಿಕೊಳ್ಳುತ್ತದೆ, ಯಾವ ನಾಯಿಯನ್ನು ಹೆಸರು ಹಿಡಿದು ಕರೆದರೆ ಸಾಕು, ಯಾವುದಕ್ಕೆ ಬಿಸ್ಕತ್ತೇ ಬೇಕು, ಯಾರ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ಎರಡು ಕೋಣೆಯಲ್ಲಿ ಎರಡು ಫ್ಯಾನ್ ಹಾಕಿಕೊಂಡಿದ್ದಾರೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದು ಬಾಯಿ ದಾಟಿ ಹೊರಗೆ ಬರುತ್ತಿರಲಿಲ್ಲ. ಊರು ಅವಳನ್ನು ನಂಬಿದ್ದು ಅದಕ್ಕೇ.

ಊರಿನಿಂದ ಹದಿನಾಲ್ಕು ಕಿಲೋಮೀಟರ್ ಆಚೆಯ ಅಣುಸ್ಥಾವರ ಕೆಟ್ಟ ದಿನ ಪೊಲೀಸರು ಮೊದಲು ಹುಡುಕಿಕೊಂಡು ಬಂದದ್ದೂ ಅವಳನ್ನೇ. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಸೈರನ್ ಎಷ್ಟು ಕೂಗಿದರೂ ಕೇಳಿಸದವರು ಎಲ್ಲಿದ್ದಾರೆ ಎಂಬ ಪಟ್ಟಿ ಯಾವ ಕಚೇರಿಯಲ್ಲೂ ಇರಲಿಲ್ಲ, ಅವಳ ತಲೆಯಲ್ಲಿತ್ತು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ ಅವಳು ಬಾಗಿಲು ಬಡಿದೇ ಬಡಿದಳು. ಕೊನೆಯ ಬಸ್ಸಿನಲ್ಲಿ ಗಂಡ, ಅತ್ತೆ, ಒಂದು ಕೈಚೀಲ. “ಎರಡು ದಿನದ ಮಟ್ಟಿಗೆ ಅಷ್ಟೇ” ಎಂದು ಧ್ವನಿವರ್ಧಕ ಕೂಗುತ್ತಿತ್ತು. ಆ ಎರಡು ದಿನ ಆರು ವರ್ಷವಾಯಿತು.

ಆ ಆರು ವರ್ಷ ಬೇರೊಂದು ಊರಿನ ಮೂರನೇ ಮಹಡಿಯ ಎರಡು ಕೋಣೆಗಳಲ್ಲಿ ಕಳೆಯಿತು. ಗಂಡ ಲಾರಿ ಮೆಕ್ಯಾನಿಕ್. ಅವನಿಗೆ ಕೆಲಸ ಎಲ್ಲಿ ಬೇಕಾದರೂ ಸಿಗುತ್ತಿತ್ತು, ಸಿಕ್ಕಿತು. ಮೀಟರಕ್ಕನಿಗೆ ಅಲ್ಲಿ ಯಾರ ಮನೆಯ ಗೇಟೂ ಗೊತ್ತಿರಲಿಲ್ಲ. ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಬೆಡ್‌ಶೀಟ್ ಮಡಚುವ ಕೆಲಸಕ್ಕೆ ಸೇರಿದಳು. ಅಷ್ಟರಲ್ಲಿ ಅವಳ ಊರಿನಲ್ಲಿ ಕೂಲಿಯಾಳುಗಳು ಅಂಗಳಗಳ ಮೇಲ್ಮಣ್ಣು ಕೆರೆದು ಕಪ್ಪು ಚೀಲಗಳಿಗೆ ತುಂಬಿದರು, ಮನೆಗಳ ಮಾಡುಗಳನ್ನು ತೊಳೆದರು, ಚೀಲಗಳನ್ನು ಶಾಲೆಯ ಆಟದ ಮೈದಾನದಲ್ಲಿ ಮೂರಾಳೆತ್ತರಕ್ಕೆ ಪೇರಿಸಿದರು. ಏಳನೇ ವರ್ಷದ ಆರಂಭದಲ್ಲಿ, ಇನ್ನು ಬರಬಹುದು ಎಂದು ಸರ್ಕಾರದ ಕಾಗದ ಬಂತು.

ಗಂಡ ಕಾಗದ ಓದಿ ಮೇಜಿನ ಮೇಲಿಟ್ಟ.

“ನಾನು ಬರಲ್ಲ ಕಣೇ. ಕಣ್ಣಿಗೆ ಕಾಣೋದಾದ್ರೆ ಸ್ಪ್ಯಾನರ್ ಹಿಡ್ಕೊಂಡು ನಿಲ್ತೀನಿ. ಇದಕ್ಕೆ ವಾಸನೆ ಇಲ್ಲ, ಸದ್ದಿಲ್ಲ. ಇದರ ಜೊತೆ ಸಂಸಾರ ಮಾಡೋಕೆ ನನ್ನಿಂದ ಆಗಲ್ಲ.”

ಅತ್ತೆ ಆಗಲೇ ತಮ್ಮ ಸೀರೆಗಳನ್ನು ಮಡಚಲು ಶುರು ಮಾಡಿದ್ದರು. “ನನಗೆ ಎಂಬತ್ತೆರಡು. ಆ ವಿಷ ಮೈಗೆ ಹತ್ತಿ ಏನಾದ್ರೂ ಮಾಡೋಕೆ ಇಪ್ಪತ್ತು ವರ್ಷ ಬೇಕಂತೆ. ಬರ್ಲಿ, ಕಾಯ್ತೀನಿ” ಎಂದರು.

ಹೀಗೆ ಮಗ ಅಲ್ಲೇ ಉಳಿದ, ಅತ್ತೆ ಸೊಸೆ ಇಬ್ಬರೇ ಹೊರಟರು. ಎರಡು ವಾರಕ್ಕೊಮ್ಮೆ ಭಾನುವಾರ ಅವನು ಅಲ್ಲಿಯ ತರಕಾರಿ ಹೊತ್ತು ಬರುತ್ತಿದ್ದ, ಅಮ್ಮನ ಪಕ್ಕ ಕೂತು ಟಿ.ವಿ. ನೋಡುತ್ತಿದ್ದ, ಸಂಜೆ ಬಸ್ಸು ಹತ್ತುವ ಮೊದಲು ಶೂಗಳ ಅಡಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಆ ಬಟ್ಟೆಯನ್ನು ಗೇಟಿನ ಪಕ್ಕದ ಡಬ್ಬಿಗೆ ಹಾಕಿ ಹೋಗುತ್ತಿದ್ದ. ಮೀಟರಕ್ಕ ಅದನ್ನು ನೋಡಿಯೂ ನೋಡದಂತೆ ಇರುತ್ತಿದ್ದಳು.

ಊರಿಗೆ ಬಂದ ಮೊದಲ ತಿಂಗಳಲ್ಲೇ ಅವಳಿಗೆ ಕೆಲಸ ಸಿಕ್ಕಿತು. ಈ ಸಲ ಕರೆಂಟಿನದಲ್ಲ. ಇಟ್ಟಿಗೆಯಷ್ಟು ಗಾತ್ರದ ಹಳದಿ ಯಂತ್ರವೊಂದನ್ನು ಕೊರಳಿಗೆ ನೇತುಹಾಕಿಕೊಂಡು ಮನೆಮನೆಗೆ ಹೋಗಿ ವಿಕಿರಣ ಅಳೆಯುವ ಕೆಲಸ. ಊರ ಕಚೇರಿಯ ಮೇಲ್ವಿಚಾರಕ, ಹೊರಗಿನಿಂದ ಬಂದ ಮೂವತ್ತರ ಯುವಕ, ಅವಳಿಗೆ ಅರ್ಧ ದಿನ ತರಬೇತಿ ಕೊಟ್ಟ. ಅಂಗಳದ ನಡುವೆ ನಿಲ್ಲಬೇಕು. ಯಂತ್ರ ಸೊಂಟದ ಎತ್ತರದಲ್ಲಿರಬೇಕು. ಅರ್ಧ ನಿಮಿಷ ಬಿಟ್ಟು ಅರ್ಧ ನಿಮಿಷಕ್ಕೆ ಐದು ಸಲ ಓದಬೇಕು. ಸರಾಸರಿ ಬರೆಯಬೇಕು. ಆಮೇಲೆ ಮುಂಬಾಗಿಲ ಹತ್ತಿರ ಇನ್ನೊಂದು ಸಲ. ಫಾರಂನಲ್ಲಿ ಎರಡೇ ಕಾಲಂ. ಗಂಟೆಗೆ ಸೊನ್ನೆ ಪಾಯಿಂಟ್ ಎರಡು ಐದು ಮೈಕ್ರೋಸೀವರ್ಟಿಗಿಂತ ಕಡಿಮೆ ಬಂದರೆ ಆ ಮನೆಯಲ್ಲಿ ಇರಬಹುದು.

“ಮೈಕ್ರೋಸೀವರ್ಟ್ ಅಂದ್ರೇನು?” ಎಂದು ಜನ ಕೇಳುತ್ತಿದ್ದರು.

“ಕರೆಂಟಿಗೆ ಯೂನಿಟ್ ಇದ್ದ ಹಾಗೆ” ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಅವಳಿಗೂ ಗೊತ್ತಿರಲಿಲ್ಲ, ಆದರೆ ಅಷ್ಟೇ ಸಾಕಾಗುತ್ತಿತ್ತು. ಮೇಲ್ವಿಚಾರಕ ಅದೇ ಸಂಖ್ಯೆ ಹೇಳಿದರೆ ಜನ ಅನುಮಾನದಿಂದ ಮುಖ ನೋಡುತ್ತಿದ್ದರು. ಮೀಟರಕ್ಕ ಹೇಳಿದರೆ ಒಂದು ಕುರ್ಚಿ ಹೊರಗೆ ಬರುತ್ತಿತ್ತು, ಟೀ ಬರುತ್ತಿತ್ತು.

ಅವರ ಬೀದಿಯಲ್ಲಿ ಮೂವತ್ತೆಂಟು ಮನೆ. ಅವುಗಳಲ್ಲಿ ದೀಪ ಹತ್ತುತ್ತಿದ್ದದ್ದು ಏಳರಲ್ಲಿ. ಬೀದಿಯ ತಿರುವಿನಲ್ಲಿ ಬೇಕರಿ. ಅದರ ಯಜಮಾನ, ಊರಿಗೆಲ್ಲ ಬೇಕರಿ ಅಣ್ಣ, ಮಗನೊಂದಿಗೆ ವಾಪಸ್ ಬಂದು ಒಲೆ ಹಚ್ಚಿದ ಬೆಳಿಗ್ಗೆ ಬ್ರೆಡ್ಡಿನ ವಾಸನೆ ಬೀದಿಯ ಖಾಲಿ ಮನೆಗಳ ಮುಂದೆಲ್ಲ ಹಾದು ಬಂದಾಗ ಮೀಟರಕ್ಕನ ಅತ್ತೆ ಬಾಗಿಲಲ್ಲಿ ನಿಂತು ಅತ್ತೇಬಿಟ್ಟಿದ್ದರು. ಅಣ್ಣನ ಹೆಂಡತಿ ಕೌಂಟರಿನಲ್ಲಿ ಕೂರುತ್ತಿದ್ದಳು, ಮಗ ವ್ಯಾನಿನಲ್ಲಿ ಕೂಲಿಗಳ ಶಿಬಿರಗಳಿಗೆ ಬನ್ ಬ್ರೆಡ್ ಹಂಚುತ್ತಿದ್ದ. ಸೊಸೆ ಮಾತ್ರ ಬಂದಿರಲಿಲ್ಲ. ನಾಲ್ಕು ವರ್ಷದ ಮಗಳನ್ನು ಇಟ್ಟುಕೊಂಡು ಮೂರು ಗಂಟೆಯ ಹಾದಿಯ ಪಟ್ಟಣದಲ್ಲಿ ತವರಿನವರ ಜೊತೆ ಇದ್ದಳು. ಮಗು ಹುಟ್ಟಿದ್ದೇ ಅಲ್ಲಿ.

“ನನ್ನ ಮಾತು ಕೇಳಲ್ಲ, ಗಂಡನ ಮಾತೂ ಕೇಳಲ್ಲ” ಎಂದ ಬೇಕರಿ ಅಣ್ಣ ಒಂದು ದಿನ. “ನೀನೊಂದು ಮಾತು ಹೇಳಮ್ಮ. ನೀನು ಹೇಳಿದ್ರೆ ಕೇಳ್ತಾಳೆ.”

ಸೊಸೆ ಒಂದು ಶನಿವಾರ ಒಬ್ಬಳೇ ಬಂದಳು. ಬೇಕರಿಯ ಹಿಂದಿನ ಅಂಗಳದಲ್ಲಿ ನಿಂತು ಕೇಳಿದಳು: “ಅಕ್ಕಾ, ಇಲ್ಲಿ ಎಷ್ಟಿದೆ?”

“ಪಾಯಿಂಟ್ ಒಂದು ಎಂಟು.”

“ನೀವೇ ಅಳೆದಿದ್ದಾ? ಬೇರೆ ಯಾರೂ ಅಲ್ವಲ್ಲ?”

“ನಾನೇ ಅಳೆದಿದ್ದು. ಎರಡು ಸಲ ಅಳೆದೆ.”

ಅದು ನಿಜವೇ ಆಗಿತ್ತು. ಆದರೂ ಆ ಮಾತು ಹೇಳುವಾಗ ಮೀಟರಕ್ಕನ ಮನಸ್ಸಿನಲ್ಲಿ ಬರೀ ಸಂಖ್ಯೆಯೊಂದೇ ಇರಲಿಲ್ಲ. ಬೀದಿಯಲ್ಲಿ ಒಂದು ಮಗುವಿನ ದನಿ ಕೇಳಬೇಕು ಎಂಬ ಆಸೆಯೂ ಇತ್ತು. ಒಂದು ಮಗು ಬಂದರೆ ಇನ್ನೊಂದು ಬರುತ್ತದೆ, ಹಾಗೆ ಬಂದು ಬಂದು ಒಂದು ದಿನ ತನ್ನ ಗಂಡನೂ ಶೂ ಒರೆಸುವುದನ್ನು ಬಿಟ್ಟಾನು ಎಂಬ ಲೆಕ್ಕ ಎಲ್ಲೋ ಮೂಲೆಯಲ್ಲಿತ್ತು. “ಧೈರ್ಯವಾಗಿ ಬಾಮ್ಮ” ಎಂದಳು. ಆ ‘ಧೈರ್ಯವಾಗಿ’ ಎಂಬುದು ಯಾವ ಯಂತ್ರದಲ್ಲೂ ಮೂಡಿದ್ದಲ್ಲ.

ಹದಿನೈದು ದಿನದಲ್ಲಿ ತಾಯಿ ಮಗು ಬಂದರು.

ಆ ಮಗು ಬಂದಮೇಲೆ ಬೀದಿಯ ಚಹರೆಯೇ ಬೇರೆಯಾಯಿತು. ನಡೆಯುವುದು ಅದಕ್ಕೆ ಗೊತ್ತೇ ಇರಲಿಲ್ಲ, ಹೋದಲ್ಲೆಲ್ಲ ಓಟ. ಮೀಟರಕ್ಕನನ್ನು ‘ಮೀಟರತ್ತೆ’ ಎಂದು ಕರೆಯುತ್ತಿತ್ತು. ಮೀಟರಕ್ಕನ ಅತ್ತೆಯ ಕೋಲನ್ನು ಕುದುರೆ ಮಾಡಿಕೊಂಡು ಬೀದಿ ಸುತ್ತಿ ಬರುವವರೆಗೆ ಆ ಮುದುಕಿ ಗೋಡೆ ಹಿಡಿದು ನಿಂತಿರುತ್ತಿದ್ದರು. “ನೋಡೇ, ನನ್ನ ಕಾಲು ಓಡ್ತಾ ಇದೆ” ಎಂದು ನಗುತ್ತಿದ್ದರು. ಬೇಕರಿ ಅಣ್ಣನಂತೂ ಗಿರಾಕಿಗೆ ಬ್ರೆಡ್ ಕೊಡುವ ಮೊದಲು ಮೊಮ್ಮಗಳ ಒಂದು ಮಾತನ್ನಾದರೂ ಉಪ್ಪುಖಾರ ಹಚ್ಚಿ ಹೇಳದೆ ಬಿಡುತ್ತಿರಲಿಲ್ಲ. ಇನ್ನೂ ಎರಡು ಕುಟುಂಬಗಳು ಫೋನ್ ಮಾಡಿ ವಿಚಾರಿಸಿದವು.

ನಾಲ್ಕು ತಿಂಗಳಾದ ಮೇಲೆ, ಒಂದು ಸೋಮವಾರ, ಆರು ತಿಂಗಳಿಗೊಮ್ಮೆ ಅಳೆಯಬೇಕಾದ ಮನೆಗಳ ಪಟ್ಟಿಯಲ್ಲಿ ಬೇಕರಿಯ ಹೆಸರು ಬಂತು.

ಬೆಳಿಗ್ಗೆ ಹನ್ನೊಂದರ ಹೊತ್ತು. ಮೀಟರಕ್ಕ ಹಿಂದಿನ ಅಂಗಳದ ನಡುವೆ ನಿಂತು ಐದು ಸಲ ಓದಿದಳು. ಪಾಯಿಂಟ್ ಒಂದು ಏಳು, ಒಂದು ಎಂಟು, ಒಂದು ಎಂಟು, ಒಂದು ಒಂಬತ್ತು, ಒಂದು ಎಂಟು. ಬರೆದುಕೊಂಡಳು. ಗೋಡೆಯ ಮೂಲೆಯಲ್ಲಿ, ಮಾಡಿನ ನೀರು ಇಳಿಯುವ ಪೈಪಿನ ಬಾಯಿಯ ಹತ್ತಿರ, ಮಗು ಕುಕ್ಕರಗಾಲಲ್ಲಿ ಕೂತು ಕೆಸರು ಕಲಸುತ್ತಿತ್ತು. ಅಲ್ಲಿ ನೆಲ ಸದಾ ಒದ್ದೆ. ಕಲ್ಲುಚಪ್ಪಡಿಯ ಮೇಲೆ ಮಣ್ಣಿನ ಬನ್‌ಗಳು ಸಾಲಾಗಿ ನಿಂತಿದ್ದವು, ಬೇಕರಿಯ ತಟ್ಟೆಯಲ್ಲಿ ನಿಲ್ಲುವ ಹಾಗೆಯೇ, ಒಂದೊಂದರ ನೆತ್ತಿಯ ಮೇಲೂ ಬೆರಳಿಂದ ಒತ್ತಿದ ಗುರುತು.

“ಮೀಟರತ್ತೆ, ತಗೊಳ್ಳಿ. ಬಿಸಿ ಬನ್ನು.”

ಯಂತ್ರ ಇನ್ನೂ ಚಾಲೂ ಇತ್ತು. ಅವಳು ನಗುತ್ತ ಬಲಗೈ ಚಾಚಿ ಬನ್ ತೆಗೆದುಕೊಂಡಳು, ಯಂತ್ರದ ಮುಂದೆ ಹಿಡಿದು “ಅಬ್ಬಾ, ಎಷ್ಟು ಬಿಸಿ!” ಎಂದು ಆಟಕ್ಕೆ ಹೇಳಲು ಹೋದವಳು ಅದರ ತೆರೆಯನ್ನೇ ನೋಡಿದಳು. ಸಂಖ್ಯೆ ಏರುತ್ತಿತ್ತು. ಪಾಯಿಂಟ್ ಮೂರು. ಪಾಯಿಂಟ್ ಐದು. ಪಾಯಿಂಟ್ ಏಳು.

ಅವಳು ಮಂಡಿಯೂರಿ ಯಂತ್ರವನ್ನು ಪೈಪಿನ ಬಾಯಿಯ ಕೆಳಗೆ, ಮಗುವಿನ ಪಾದಗಳ ಪಕ್ಕ, ನೆಲಕ್ಕೆ ತಾಗುವಷ್ಟು ಹತ್ತಿರ ಹಿಡಿದಳು. ನಾಲ್ಕು ಪಾಯಿಂಟ್ ಆರು.

ತಲೆಯೆತ್ತಿ ಮಾಡಿನ ಕಡೆ ನೋಡಿದಳು. ಮಾಡನ್ನು ತೊಳೆದಿದ್ದರು, ಅಂಗಳದ ಮಣ್ಣು ಕೆರೆದಿದ್ದರು. ಆದರೆ ಬೇಕರಿಯ ಬೆನ್ನಿಗೇ ಕಾಡಿನ ಏರು ಶುರುವಾಗುತ್ತಿತ್ತು. ಆ ಕಾಡನ್ನು ಯಾರೂ ತೊಳೆದಿರಲಿಲ್ಲ, ತೊಳೆಯಲು ಆಗುವುದೂ ಇಲ್ಲ. ಅಲ್ಲಿಯ ಎಲೆಗಳು ಮಾಡಿನ ಮೇಲೆ ಉದುರಿ, ಕೊಳೆತು, ಪ್ರತಿ ಮಳೆಯೂ ಆ ಕೊಳೆಯನ್ನೆಲ್ಲ ತಂದು ಈ ಒಂದು ಮೊರದಗಲದ ಜಾಗಕ್ಕೆ ಸುರಿಯುತ್ತಿತ್ತು. ಫಾರಂನ ಎರಡು ಕಾಲಂಗಳಲ್ಲಿ ಈ ಮೂಲೆ ಎಲ್ಲೂ ಬರುತ್ತಿರಲಿಲ್ಲ.

ಅಡುಗೆಮನೆಯ ಕಿಟಕಿಯಲ್ಲಿ ಮಗುವಿನ ತಾಯಿಯ ಮುಖ ಕಾಣಿಸಿತು. ಕೈಯಲ್ಲಿ ಸೋಪು ನೊರೆ.

“ಎಷ್ಟು ಬಂತಕ್ಕಾ?”

ಮೀಟರಕ್ಕ ಎದ್ದು ನಿಂತಳು. ಬಲಗೈಯಲ್ಲಿ ಮಣ್ಣಿನ ಬನ್ ಇನ್ನೂ ಇತ್ತು.

“ಎಂದಿನ ಹಾಗೇ” ಎಂದಳು. “ಪಾಯಿಂಟ್ ಒಂದು ಎಂಟು.”

ಆ ಮಾತು ಹೇಗೆ ಬಾಯಿಂದ ಬಿತ್ತು ಎಂದು ಅವಳು ಆಮೇಲೆ ಎಷ್ಟೋ ಸಲ ಯೋಚಿಸಿದಳು. ಹೆದರಿಸಬಾರದು ಎಂದೇ? ಮೊದಲು ಸರಿಮಾಡಿಸಿ ಆಮೇಲೆ ಹೇಳೋಣ ಎಂದೇ? ಅಥವಾ ‘ಧೈರ್ಯವಾಗಿ ಬಾ’ ಎಂದ ನಾಲಿಗೆ ತನ್ನನ್ನು ತಾನೇ ಉಳಿಸಿಕೊಂಡಿತೇ? ಮಗುವಿಗೆ “ಕೈ ತೊಳ್ಕೋ ಪುಟ್ಟಿ, ಒಳಗೆ ಹೋಗು” ಎಂದಷ್ಟೇ ಹೇಳಿ ಅಲ್ಲಿಂದ ಕಾಲು ಕಿತ್ತಳು.

ನೇರ ಕಚೇರಿಗೆ ಹೋದಳು. ಮೇಲ್ವಿಚಾರಕ ಅವಳ ಮಾತನ್ನು ಪೂರ್ತಿ ಕೇಳಿದ. ಕೆಟ್ಟ ಮನುಷ್ಯನೇನಲ್ಲ, ತಗಡಿನ ಡಬ್ಬಿಯಂಥ ಕೋಣೆಯಲ್ಲಿ ಒಬ್ಬನೇ ಇದ್ದ, ಹೆಂಡತಿಗೆ ತಾನು ಇನ್ನೂ ದೂರದ ಊರಿನಲ್ಲಿ ಕೆಲಸ ಮಾಡುತ್ತಿದ್ದೇನೆಂದು ಸುಳ್ಳು ಹೇಳಿದ್ದ, ಇದು ಕಚೇರಿಗೆಲ್ಲ ಗೊತ್ತಿತ್ತು.

“ಮನೆಯ ಸರಾಸರಿ ಸರಿಯಾಗೇ ಇದೆಯಲ್ಲ ಮೇಡಂ” ಎಂದ.

“ಮಗು ಸರಾಸರಿಯಲ್ಲಿ ಕೂತು ಆಡಲ್ಲ ಸರ್. ಆ ಮೂಲೆಯಲ್ಲಿ ಕೂತು ಆಡುತ್ತೆ.”

ಅವನು ಹಣೆ ಉಜ್ಜಿಕೊಂಡ. “ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ. ನಾನು ಮೇಲಕ್ಕೆ ಬರೀತೀನಿ. ಬುಧವಾರದೊಳಗೆ ಉತ್ತರ ಬರುತ್ತೆ. ಆಳುಗಳನ್ನ ಕಳಿಸಿ ಅಗೆಸೋಣ. ಅಲ್ಲಿವರೆಗೆ ಯಾರಿಗೂ ಹೇಳ್ಬೇಡಿ. ಒಬ್ಬರಿಗೆ ಹೇಳಿದ್ರೆ ಊರೇ ಖಾಲಿಯಾಗುತ್ತೆ.”

ಮೀಟರಕ್ಕ ಹೂಂ ಎಂದಳು. ಹೂಂ ಎನ್ನಲು ಒಂದು ಕಾರಣ ಸಿಕ್ಕಿತಲ್ಲ ಎಂದು ಒಳಗೊಳಗೇ ಹಗುರವಾದಳು. ಆ ಹಗುರವೇ ಮುಂದೆ ಅವಳನ್ನು ಹೆಚ್ಚು ಕಾಡಿದ್ದು.

ಮಂಗಳವಾರ ಬೆಳಿಗ್ಗೆ ಚೀಲದಲ್ಲಿ ಒಂದು ಸಣ್ಣ ಗುದ್ದಲಿ ಇಟ್ಟುಕೊಂಡು ಬೇಕರಿಗೆ ಹೋದಳು. ಏನಾದರೂ ನೆಪ ಹೇಳಿ ತಾನೇ ಆ ಮಣ್ಣು ಅಗೆದು ತೆಗೆದುಬಿಟ್ಟರೆ? ಆದರೆ ಬೇಕರಿ ಅಣ್ಣ ಕೌಂಟರಿನ ಹಿಂದಿನಿಂದಲೇ ಕೂಗಿದ: “ಬಾಮ್ಮ ಬಾ! ಕೇಳ್ದ್ಯಾ, ಟೈಲರ್ ಮನೆಯವರೂ ಬರ್ತಾರಂತೆ. ಇಬ್ಬರು ಮಕ್ಕಳು! ಎಲ್ಲ ನಿನ್ನ ಪುಣ್ಯ.” ಟೀ ಲೋಟ ಅವಳ ಕೈಗೆ ಬಂತು. ಹಿಂದಿನ ಬಾಗಿಲಾಚೆ ಮಗು ಪೈಪಿನ ಬುಡದಲ್ಲಿ ಏನೋ ಹಾಡಿಕೊಳ್ಳುತ್ತ ಕೂತಿತ್ತು.

“ಪುಟ್ಟೀ, ಬಿಸಿಲು, ಒಳಗೆ ಬಾರೇ” ಎಂದಳು ಮೀಟರಕ್ಕ.

“ಬಿಸಿಲೆಲ್ಲಿದೆ?” ಎಂದಿತು ಮಗು. ಮೋಡ ಮುಸುಕಿದ ದಿನ. ಒಳಗೆ ಬಂದು ಒಂದು ಬಿಸ್ಕತ್ತು ತಿಂದು ಮತ್ತೆ ಓಡಿತು. ಗುದ್ದಲಿ ಚೀಲದಲ್ಲೇ ಉಳಿಯಿತು. ಮೀಟರಕ್ಕ ಟೀ ಕುಡಿಯುವ ಶಾಸ್ತ್ರ ಮುಗಿಸಿ ಮನೆಗೆ ಬಂದಳು.

ಬುಧವಾರ ಮೇಲಿನಿಂದ ಉತ್ತರ ಬರಲಿಲ್ಲ. ಮಧ್ಯಾಹ್ನ ಅವಳ ತಟ್ಟೆಯಲ್ಲಿ ಅನ್ನ ಹಾಗೇ ಆರುತ್ತಿದ್ದದ್ದನ್ನು ಅತ್ತೆ ನೋಡಿದರು. ನೋಡಿ ಬಿಡುವ ಜೀವವಲ್ಲ ಅದು.

“ಎರಡು ದಿನದಿಂದ ನೋಡ್ತಾ ಇದ್ದೀನಿ. ಗಂಟಲಲ್ಲಿ ಏನೋ ಸಿಕ್ಕಿಸಿಕೊಂಡಿದ್ದೀಯಾ. ಉಗುಳು.”

ಮೀಟರಕ್ಕ ಎಲ್ಲ ಹೇಳಿದಳು. ಅತ್ತೆ ನಿಧಾನವಾಗಿ, ಬೈಗುಳವೇ ಇಲ್ಲದ ದನಿಯಲ್ಲಿ ಹೇಳಿದರು: “ನನಗೆ ಎಂಬತ್ತೆರಡು ಅಂತ ನಾನು ತಮಾಷೆ ಮಾಡ್ತೀನಿ. ಆ ಮಗುವಿಗೆ ನಾಲ್ಕು. ಅದರ ಕೈಲಿ ತಮಾಷೆ ಮಾಡೋಕಾಗಲ್ಲ. ನೀನು ಹೋಗಿ ಹೇಳ್ತೀಯೋ, ನಾನೇ ಕೋಲೂರಿಕೊಂಡು ಹೋಗ್ಲೋ?”

“ಈಗ್ಲೇ ಹೋಗ್ತೀನಿ ಅತ್ತೆ.”

ಆದರೂ ಅಂದು ಹೋಗಲಿಲ್ಲ. ಗೇಟಿನವರೆಗೆ ಹೋಗಿ, ಬೇಕರಿಯ ಮುಂದೆ ಟೈಲರ್ ದಂಪತಿ ನಿಂತು ನಗುತ್ತಿರುವುದನ್ನು ಕಂಡು ತಿರುಗಿ ಬಂದಳು. ಹೋದದ್ದು ಗುರುವಾರ ಬೆಳಿಗ್ಗೆ, ಅಂಗಡಿ ತೆರೆಯುವ ಮೊದಲು.

ಹಿಂದಿನ ಅಂಗಳದಲ್ಲಿ ತಾಯಿ ಬಟ್ಟೆ ಒಣಹಾಕುತ್ತಿದ್ದಳು. ಮೀಟರಕ್ಕ ಮಾತಿಗಿಂತ ಮೊದಲು ಯಂತ್ರವನ್ನೇ ನೆಲಕ್ಕೆ ಹಿಡಿದು ತೋರಿಸಿದಳು. ತಾಯಿ ಸಂಖ್ಯೆ ನೋಡಿದಳು. ಒದ್ದೆ ಟವೆಲ್ ಅವಳ ಕೈಯಲ್ಲೇ ಇತ್ತು, ನೀರು ತೊಟ್ಟಿಕ್ಕುತ್ತಿತ್ತು.

“ಇದು ಯಾವಾಗ ಗೊತ್ತಾಯ್ತು?”

ಈಗ ಎನ್ನಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

“ಸೋಮವಾರ.”

“ಇವತ್ತು ಗುರುವಾರ ಅಕ್ಕ.”

“ಹೌದಮ್ಮ.”

“ಸೋಮವಾರ ನಾನು ಕಿಟಕಿಯಿಂದ ಕೇಳಿದ್ದೆ. ನೀವು ಎಂದಿನ ಹಾಗೇ ಅಂದ್ರಿ.”

ತಾಯಿ ಕೂಗಾಡಲಿಲ್ಲ. ಟವೆಲನ್ನು ಹಿಂಡಿ, ಕೊಡವಿ, ತಂತಿಯ ಮೇಲೆ ಹಾಕಿ, ಅಂಚು ಸರಿಮಾಡಿ ಒಳಗೆ ಹೋದಳು. ಒಂದು ಗಂಟೆಯೊಳಗೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ನೆಲಕ್ಕೆ ಇಳಿಯಲು ಬಿಡದೆ, ಗಂಡನ ವ್ಯಾನಿನಲ್ಲಿ ಕೂತಳು. ಮಗು ಬೂಟು ಬೇಕು ಎಂದು ಅಳುತ್ತಿತ್ತು. ಬೂಟುಗಳು ಅಂಗಳದಲ್ಲೇ ಉಳಿದವು.

ಬೇಕರಿ ಅಣ್ಣ ಹಿಟ್ಟಿನ ಕೈಯಲ್ಲೇ ಬೀದಿಗೆ ಬಂದ. ಅವನ ಸಿಟ್ಟು ಎತ್ತ ತಿರುಗಬೇಕೆಂದು ತಿಳಿಯದೆ ಮೊದಲು ಒಂದು ಕಡೆ, ಆಮೇಲೆ ಇನ್ನೊಂದು ಕಡೆ ಹಾಯುತ್ತಿತ್ತು.

“ಹೇಳೋದಾದ್ರೆ ಅವತ್ತೇ ಹೇಳ್ಬೇಕಿತ್ತು! ಇಲ್ಲಾ ಬಾಯಿ ಮುಚ್ಕೊಂಡು ನನ್ನೊಬ್ಬನ ಕಿವೀಲಿ ಹೇಳ್ಬೇಕಿತ್ತು, ನಾನೇ ಅಗೆದು ಹಾಕ್ತಿದ್ದೆ! ಇದೇನು ಮಾಡ್ದೆ ನೀನು? ಕರೆದವಳೂ ನೀನೇ, ಓಡಿಸಿದವಳೂ ನೀನೇ!”

“ಅಣ್ಣಾ...”

“ಅಣ್ಣ ಅನ್ಬೇಡ ನನ್ನನ್ನ.”

ಅಂದಿನಿಂದ ಅವನು ಅವಳೊಂದಿಗೆ ಮಾತು ಬಿಟ್ಟ. ಬ್ರೆಡ್ಡಿಗೆ ಅತ್ತೆಯೇ ಹೋಗಬೇಕಾಯಿತು.

ಮಗುವನ್ನು ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿದರು. ಗಾಜಿನ ಪೆಟ್ಟಿಗೆಯಂಥ ಯಂತ್ರದೊಳಗೆ ಎರಡು ನಿಮಿಷ ನಿಲ್ಲಿಸಿ ಮೈಯೊಳಗೆ ಎಷ್ಟಿದೆ ಎಂದು ನೋಡಿದರು, ಅಂಗಳದಲ್ಲಿ ದಿನಕ್ಕೆ ಎಷ್ಟು ಹೊತ್ತು ಆಡುತ್ತಿತ್ತು ಎಂದು ಕೇಳಿ ಬರೆದುಕೊಂಡರು. ಮಗುವಿನ ಅಪ್ಪನೇ ಇದನ್ನು ಒಂದು ದಿನ ವ್ಯಾನ್ ನಿಲ್ಲಿಸಿ ಮೀಟರಕ್ಕನಿಗೆ ಹೇಳಿದ. ಅವನಿಗೆ ಯಾರ ಮೇಲೂ ಸಿಟ್ಟಾಗುವಷ್ಟು ಶಕ್ತಿ ಉಳಿದಿರಲಿಲ್ಲ.

“ಒಟ್ಟು ಸೇರಿಸಿದ್ರೂ ಒಂದು ಸ್ಕ್ಯಾನ್ ಮಾಡಿಸಿದ್ರೆ ತಗಲೋದಕ್ಕಿಂತ ಕಡಿಮೆ ಅಂದ್ರು ಡಾಕ್ಟ್ರು. ಭಯ ಪಡೋ ಅಷ್ಟು ಇಲ್ಲ ಅಂದ್ರು.”

“ಅವಳು ಏನಂದ್ಲು?”

“ಸ್ಕ್ಯಾನ್ ಮಾಡಿಸುವಾಗ ನಮ್ಮನ್ನ ಕೇಳಿ ಮಾಡಿಸ್ತಾರೆ, ಇದಕ್ಕೆ ನನ್ನ ಯಾರು ಕೇಳಿದ್ರು ಅಂದ್ಲು.” ಅವನು ಸ್ಟಿಯರಿಂಗ್ ಮೇಲೆ ಕೈ ತಟ್ಟಿದ. “ಆ ಮೂರು ದಿನದ್ದು ಲೆಕ್ಕ ಹಾಕಿದ್ರೆ ಏನೂ ಅಲ್ಲ ಅಕ್ಕ. ಅದು ಅವಳಿಗೂ ಗೊತ್ತು. ಆದ್ರೆ ಅವಳು ಹೇಳೋದು ಬರೀ ಆ ಮೂರು ದಿನದ್ದೇ.”

ಎರಡು ತಿಂಗಳಾದ ಮೇಲೆ ಅವನೂ ಹೆಂಡತಿ ಮಗಳ ಬಳಿಗೆ ಹೋದ. ಟೈಲರ್ ಕುಟುಂಬ ಬರಲೇ ಇಲ್ಲ. ಬೇಕರಿ ವಾರಕ್ಕೆ ಮೂರು ದಿನ ಮಾತ್ರ ತೆರೆಯತೊಡಗಿತು.

ಆ ಗುರುವಾರ ಸಂಜೆಯೇ ಮೀಟರಕ್ಕ ಬೇಕರಿಯ ಹಿಂದಿನ ಗೇಟಿನಿಂದ ಒಳಗೆ ಹೋಗಿ ಪೈಪಿನ ಬುಡದ ಮಣ್ಣನ್ನು ಒಂದು ಮೊಳ ಆಳಕ್ಕೆ ಅಗೆದಿದ್ದಳು. ಯಾರೂ ಬೇಡ ಎನ್ನಲಿಲ್ಲ, ಯಾರೂ ಮಾತಾಡಿಸಲೂ ಇಲ್ಲ. ನಾಲ್ಕು ಚೀಲ ಮಣ್ಣು. ಚೀಲಗಳನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಹೋಗಿ ಕಚೇರಿಯ ಮೆಟ್ಟಿಲ ಪಕ್ಕ ಇಟ್ಟಳು. ಮೇಲ್ವಿಚಾರಕ ಹೊರಗೆ ಬಂದು ಚೀಲಗಳನ್ನೂ ಅವಳನ್ನೂ ನೋಡಿದ.

“ಉತ್ತರ ಬಂತಾ ಸರ್?”

“ಇನ್ನೂ ಇಲ್ಲ.”

“ಬರೋವರೆಗೆ ಇವು ಇಲ್ಲೇ ಇರ್ಲಿ.”

ಮರುದಿನದಿಂದ ಅವಳು ಪ್ರತಿ ಮನೆಯಲ್ಲೂ ಮೂರನೇ ಜಾಗ ಅಳೆಯತೊಡಗಿದಳು. ಫಾರಂನ ಕೆಳಗಿನ ಖಾಲಿ ಅಂಚಿನಲ್ಲಿ ತನ್ನ ಕೈಬರಹದಲ್ಲೇ ‘ಮಾಡಿನ ನೀರು ಬೀಳುವ ಕಡೆ’ ಎಂದು ಬರೆದು, ಎದುರಿಗೆ ಸಂಖ್ಯೆ. ಮನೆಯವರ ಮುಂದೆಯೇ ಬರೆದು, ಓದಿ ಹೇಳಿ, ಅವರಿಂದಲೇ ಸಹಿ ಹಾಕಿಸಿದಳು. ಮೊದಲ ತಿಂಗಳ ಫಾರಂಗಳು ತಿರಸ್ಕಾರವಾಗಿ ವಾಪಸ್ ಬಂದವು. ಅವಳು ಅವನ್ನೇ ಮತ್ತೆ ಕಳಿಸಿದಳು. ಎದುರುಮನೆಯ ನಿವೃತ್ತ ಮೇಷ್ಟ್ರು “ನನ್ನ ಗೇಟು ದಾಟಿದ್ರೆ ಆ ಯಂತ್ರ ಒಡೆದು ಹಾಕ್ತೀನಿ. ಮಗಳು ರಜಕ್ಕೆ ಬರ್ತೀನಿ ಅಂದಿದ್ದಾಳೆ, ಅದನ್ನೂ ತಪ್ಪಿಸ್ಬೇಡ” ಎಂದು ಗೇಟಿಗೆ ಬೀಗ ಹಾಕಿದರು. ಮೂರು ದಿನ ಬಿಟ್ಟು ಅವರ ಹೆಂಡತಿ ಹಿತ್ತಲ ಬಾಗಿಲಿಂದ ಸನ್ನೆ ಮಾಡಿ ಕರೆದಳು: “ಅವರು ಮಲಗಿದ್ದಾರೆ. ಬೇಗ ನೋಡಿ ಹೇಳಿಬಿಡಿ.”

ಊರಿನಲ್ಲಿ ಜನ ವಾಪಸ್ ಬಂದಿದ್ದ ನಲವತ್ತೊಂದು ಮನೆಗಳಲ್ಲಿ ಹದಿನೇಳರಲ್ಲಿ ಅಂಥ ಮೂಲೆ ಸಿಕ್ಕಿತು. ಅವಳದೇ ಮನೆಯಲ್ಲೂ ಒಂದು, ಅತ್ತೆ ದಿನಾ ಬೆಳಿಗ್ಗೆ ಸ್ಟೂಲ್ ಹಾಕಿಕೊಂಡು ಕೂರುವ ಕಡೆ. ಅತ್ತೆ ಸ್ಟೂಲನ್ನು ಎರಡು ಮಾರು ಆಚೆ ಸರಿಸಿಕೊಂಡು “ಇಲ್ಲಿ ಗಾಳಿ ಚೆನ್ನಾಗಿದೆ” ಎಂದರು. ಗಂಡನಿಗೆ ಸುದ್ದಿ ತಿಳಿದು ಆ ಭಾನುವಾರ ಬಂದವನು ಜಗಳವಾಡಲಿಲ್ಲ. ಮಾಡು ಹತ್ತಿ ದಿನವಿಡೀ ಎಲೆ ಬಳಿದ. ಇಳಿದು ಬಂದು ಕೈಗವಸು ಬಿಚ್ಚುತ್ತ “ಬಂದುಬಿಡು ಅಲ್ಲಿಗೆ” ಎಂದ. ಅವಳು “ಈ ಹದಿನೇಳು ಮುಗೀಲಿ” ಎಂದಳು. ಹದಿನೇಳು ಮುಗಿಯುವ ಲೆಕ್ಕವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಮುಂದಿನ ಎಲೆ ಉದುರುವ ಕಾಲಕ್ಕೆ ಮತ್ತೆ ಅಳೆಯಬೇಕು.

ಎಂಟು ತಿಂಗಳ ಮೇಲೆ ಕಚೇರಿಯಿಂದ ಹೊಸ ಫಾರಂ ಬಂತು. ಅದರಲ್ಲಿ ಮೂರು ಕಾಲಂಗಳಿದ್ದವು. ಮೇಲ್ವಿಚಾರಕ ಅದನ್ನು ಅವಳ ಮೇಜಿನ ಮೇಲಿಟ್ಟು, ಕನ್ನಡಕ ಒರೆಸಿಕೊಳ್ಳುತ್ತ ನಿಂತ. ಅವಳಿಗೆ ಸಂತೋಷವಾಗಬೇಕಿತ್ತು. ಬೇಕರಿಯ ಅಂಗಳದಲ್ಲಿ ಕೂತಿದ್ದ ಮಗುವಿನ ಬೆನ್ನು ಕಣ್ಣಮುಂದೆ ಬಂದು ಸುಮ್ಮನೆ ಫಾರಂ ಮಡಚಿ ಚೀಲಕ್ಕಿಟ್ಟಳು.

ಹೊಸ ಫಾರಂ ಬಂದ ವಾರದಲ್ಲೇ ಫೋನ್ ಬಂತು. ಬೇಕರಿಯ ಸೊಸೆ. ಊರು ಬಿಟ್ಟು ಹೋದಮೇಲೆ ಮೊದಲ ಸಲ.

“ನಾವು ಬೇರೆ ಮನೆ ಮಾಡಿದ್ದೀವಿ. ಬಂದು ಅಳೀತೀರಾ?”

ಆ ಪಟ್ಟಣ ಸ್ಥಾವರದಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿ ಅಳೆಯುವಂಥದ್ದೇನೂ ಇರಲಿಲ್ಲ. “ಬರ್ತೀನಿ” ಎಂದಳು ಮೀಟರಕ್ಕ. ಕಚೇರಿಯ ಯಂತ್ರವನ್ನು ಒಯ್ಯುವಂತಿರಲಿಲ್ಲ. ಗಂಡ ತಂದುಕೊಟ್ಟಿದ್ದ ಸಣ್ಣದೊಂದು ಯಂತ್ರ ಮನೆಯಲ್ಲಿತ್ತು. ಅದನ್ನು ಬಟ್ಟೆಯಲ್ಲಿ ಸುತ್ತಿ, ಬೆಳಗಿನ ಬಸ್ಸು ಹತ್ತಿದಳು.

ಎರಡನೇ ಮಹಡಿಯ ಮನೆ. ಬಾಗಿಲು ತೆರೆದವಳು ಬಡವಾಗಿದ್ದಳು. ಒಳಗೆ ನೆಲವೆಲ್ಲ ಒರೆಸಿ ಒರೆಸಿ ಹೊಳೆಯುತ್ತಿತ್ತು. ಬಾಲ್ಕನಿಯ ಕುಂಡಗಳಲ್ಲಿ ಗಿಡಗಳಿರಲಿಲ್ಲ, ಮಣ್ಣೂ ಇರಲಿಲ್ಲ. ಮಗು ಉದ್ದವಾಗಿತ್ತು, ಗೋಡೆಗೆ ಒರಗಿ ಚಿತ್ರ ಬರೆಯುತ್ತಿತ್ತು. ಮೀಟರಕ್ಕನನ್ನು ಕಂಡು ಅಮ್ಮನ ಮುಖ ನೋಡಿತು, ಮಾತಾಡಬಹುದೇ ಎಂದು ಕೇಳುವ ಹಾಗೆ.

ಮೀಟರಕ್ಕ ಕೋಣೆಯಿಂದ ಕೋಣೆಗೆ ಹೋದಳು. ಪಾಯಿಂಟ್ ಸೊನ್ನೆ ಐದು. ಪಾಯಿಂಟ್ ಸೊನ್ನೆ ಆರು. ಮಂಚದ ಕೆಳಗೆ, ಬಚ್ಚಲ ತೂಬಿನ ಬಾಯಿ, ಬಾಲ್ಕನಿಯ ಮೂಲೆ, ಕೆಳಗಿನ ಮೆಟ್ಟಿಲ ಬುಡ. ಎಲ್ಲೂ ಅದಕ್ಕಿಂತ ಹೆಚ್ಚಿಲ್ಲ. ಪ್ರತಿಯೊಂದನ್ನೂ ಜೋರಾಗಿ ಓದಿ ಹೇಳಿದಳು.

“ಇದು ನಿಜವಾದ ನಂಬರಾ?” ಎಂದಳು ತಾಯಿ.

ಆ ಪ್ರಶ್ನೆಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ. ಅವಳಿಗೆ ನಿಜಕ್ಕೂ ಗೊತ್ತಾಗಬೇಕಿತ್ತು. ಅದಕ್ಕೇ ಮೀಟರಕ್ಕನಿಗೆ ಅದು ಹೆಚ್ಚು ತಾಗಿತು.

ಕೊರಳಿನಿಂದ ಯಂತ್ರ ತೆಗೆದು ಅವಳ ಕೈಗಿಟ್ಟಳು. “ನೀನೇ ನೋಡಮ್ಮ. ಈ ಗುಂಡಿ ಒತ್ತು. ಅರ್ಧ ನಿಮಿಷ ಕಾಯಿ. ನೆಲದ ಹತ್ತಿರ ಹಿಡಿ, ಮಗು ಕೂರೋ ಎತ್ತರದಲ್ಲಿ.”

ತಾಯಿ ಮೊದಲಿನಿಂದ ಶುರುಮಾಡಿದಳು. ಮಂಚದ ಕೆಳಗೆ, ಬಚ್ಚಲು, ಬಾಲ್ಕನಿ. ಒಂದೊಂದು ಕಡೆ ಐದು ಸಲ. ಮೀಟರಕ್ಕ ಅಡುಗೆಮನೆಯ ಕುರ್ಚಿಯಲ್ಲಿ ಕೂತಿದ್ದಳು. ಟೀ ಆರಿತು. ಮಗು ಮೆಲ್ಲಗೆ ಬಂದು ತಾನು ಬರೆದ ಚಿತ್ರ ತೋರಿಸಿತು, ಒಂದು ಬಸ್ಸು, ಕಿಟಕಿಗಳ ತುಂಬ ಮುಖಗಳು. “ಇದರಲ್ಲಿ ನೀನೆಲ್ಲಿದ್ದೀಯಾ?” ಎಂದರೆ “ಇನ್ನೂ ಹತ್ತಿಲ್ಲ” ಎಂದಿತು. ನಾಲ್ಕು ಗಂಟೆಯ ಬಸ್ಸು ತಪ್ಪಿಹೋಯಿತು. ತಾಯಿ ಇನ್ನೂ ಮೆಟ್ಟಿಲುಗಳನ್ನು ಅಳೆಯುತ್ತಿದ್ದಳು, ಒಂದೊಂದೇ ಮೆಟ್ಟಿಲು.

ಆರರ ಬಸ್ಸಿಗೆ ಮೀಟರಕ್ಕ ಹೊರಟು ನಿಂತಾಗ ತಾಯಿ ಯಂತ್ರವನ್ನು ಚಾಚಿದಳು, ಆದರೆ ಬೆರಳು ಬಿಡಲಿಲ್ಲ.

“ಇಟ್ಕೋ” ಎಂದಳು ಮೀಟರಕ್ಕ. “ನನ್ನ ಹತ್ರ ಕಚೇರೀದು ಇದೆ.”

ಕ್ಷಮಿಸು ಎಂಬ ಮಾತನ್ನು ಅವಳು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದಳು. ಹೇಳಿದಳು ಕೂಡ, ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ. ತಾಯಿ ಆಗಲಿ ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. “ಹುಷಾರಾಗಿ ಹೋಗಿ ಅಕ್ಕ” ಎಂದಳು.

ಈಗ ಪ್ರತಿ ತಿಂಗಳು ಒಂದನೇ ತಾರೀಖು ಮೀಟರಕ್ಕನ ಫೋನಿಗೆ ಸಂಖ್ಯೆಗಳ ಒಂದು ಸಾಲು ಬರುತ್ತದೆ. ಪಾಯಿಂಟ್ ಸೊನ್ನೆ ಐದು, ಪಾಯಿಂಟ್ ಸೊನ್ನೆ ಆರು, ಪಾಯಿಂಟ್ ಸೊನ್ನೆ ಐದು. ಹಿಂದೆ ಮುಂದೆ ಒಂದು ಮಾತೂ ಇರುವುದಿಲ್ಲ. ಅವಳು ಒಂದೊಂದನ್ನೂ ಓದಿ, ‘ನೋಡಿದೆ’ ಎಂದು ಬರೆದು ಕಳಿಸುತ್ತಾಳೆ. ಆಮೇಲೆ ಹಳದಿ ಯಂತ್ರವನ್ನು ಕೊರಳಿಗೆ ಹಾಕಿಕೊಂಡು ಅಂದಿನ ಮನೆಗಳಿಗೆ ಹೊರಡುತ್ತಾಳೆ.